ಎತ್ತಿ ಕುಡಿದ ಹಳದಿ ವೈನು

ವಾದದಲ್ಲಿ ನಾನು ಸೋತದ್ದು ಕಡಿಮೆ. ಸೋತಾಗಲೆಲ್ಲ ತಪ್ಪು ತೀರ್ಪುಗಾರರದ್ದಾಗಿತ್ತು, ಮತ್ತು ಅದನ್ನು ನಾನು ಆಗಲೇ ಅವರಿಗೆ ಮೂರು ಅಂಶಗಳಲ್ಲಿ ವಿವರಿಸಿಯೂ ಇದ್ದೆ. ಧಾರವಾಡದ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾ ತಂಡದಲ್ಲಿದ್ದವಳು ನಾನು. ವಿಷಯದ ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಊಟವಾದ ಮೇಲೆ ಪಕ್ಷ ಬದಲಿಸಿ ಎಂದರೆ ಅದಕ್ಕೂ ಸಿದ್ಧ. ಗೆದ್ದ ಕಪ್ಪುಗಳೆಲ್ಲ ಈಗ ಕೆನಡಾದ ಮೆಡೋವೇಲ್‌ನ ನಮ್ಮ ಬಾಡಿಗೆ ಟೌನ್‌ಹೌಸಿನ ಬೇಸ್‌ಮೆಂಟಿನಲ್ಲಿ, ಹಿಮ ಎತ್ತುವ ಸಲಿಕೆಯ ಪಕ್ಕ, ಸಾಲಾಗಿ ನಿಂತಿವೆ.

ಇಂಥವಳು ಮದುವೆಯಾದದ್ದು ಮೈಸೂರಿನ ಶ್ರೀವತ್ಸನನ್ನು. ಅವನು ವಾದ ಮಾಡುವುದಿಲ್ಲ. ನನ್ನ ಮಾತು ಮುಗಿದ ಮೇಲೆ "ಇರಬಹುದು" ಎನ್ನುತ್ತಾನೆ. ಎಂಟು ನಿಮಿಷದ ಭಾಷಣಕ್ಕೆ "ಇರಬಹುದು" ಎಂಬ ಉತ್ತರ ಬಂದರೆ ಮುಂದೆ ಏನು ಮಾಡಬೇಕು ಎಂಬುದನ್ನು ನಮ್ಮ ಕಾಲೇಜಿನಲ್ಲಿ ಕಲಿಸಿರಲಿಲ್ಲ.

ಶ್ರೀವತ್ಸ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ಕೆಲಸದಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವುದು ಅವನ ಉದ್ಯೋಗ. ಈ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ಒಂದೂವರೆ ವರ್ಷದಿಂದ ಅವನು ಶನಿವಾರಗಳನ್ನೆಲ್ಲ ವೈನ್ ತರಗತಿಗೆ ಕೊಟ್ಟಿದ್ದ. ಯಾವ ವೈನನ್ನು ಯಾವ ತಿಂಡಿಯ ಜೊತೆ ಕುಡಿಯಬೇಕು ಎಂದು ಹೇಳಿಕೊಡುವ ತರಗತಿ. ಕೊನೆಯ ಪರೀಕ್ಷೆ ಭಾನುವಾರ ಮಧ್ಯಾಹ್ನ, ಕ್ಲೈನ್‌ಬರ್ಗ್ ಎಂಬ ಸಣ್ಣ ಊರಿನ ಹಳೆಯ ಬೀದಿಯಲ್ಲಿರುವ ಒಂದು ರೆಸ್ಟೋರೆಂಟಿನ ಮಹಡಿಯಲ್ಲಿ. ಫ್ರಾನ್ಸಿನ ಯಾವುದಾದರೂ ಒಂದು ಪ್ರಾಂತ್ಯದ ವೈನು, ಅದಕ್ಕೆ ಒಪ್ಪುವ ನಿಮ್ಮ ಮನೆಯ ಒಂದು ತಿಂಡಿ, ಎರಡನ್ನೂ ಮುಂದಿಟ್ಟು ಹತ್ತು ನಿಮಿಷ ಮಾತಾಡಿ ಪರೀಕ್ಷಕಿಯನ್ನು ಒಪ್ಪಿಸಬೇಕು. ಪಾಸಾದರೆ ಅದೇ ರೆಸ್ಟೋರೆಂಟಿನಲ್ಲಿ ವಾರಾಂತ್ಯಕ್ಕೆ ವೈನು ಬಡಿಸುವ ಕೆಲಸ ಖಾತ್ರಿ. ತಪ್ಪಿದರೆ ಮುಂದಿನ ವರ್ಷ. ಅವನು ಕೇಳಿ ಪಡೆದುಕೊಂಡ ಸಂಗತಿಗಳು ಜೀವನದಲ್ಲಿ ಬಹಳ ಇಲ್ಲ. ಇದೊಂದನ್ನು ಕೇಳಿದ್ದ.

ಅವನು ಆರಿಸಿದ್ದು ಜುರಾ ಎಂಬ ಪ್ರಾಂತ್ಯದ ವೈನು. ಜುರಾ ಎಂದರೆ ಫ್ರಾನ್ಸಿನ ಪೂರ್ವಕ್ಕೆ, ಸ್ವಿಟ್ಜರ್‌ಲ್ಯಾಂಡಿನ ಗಡಿಗೆ ಒರಗಿಕೊಂಡ ಗುಡ್ಡದ ಸೀಮೆ. ಅಲ್ಲಿಯವರು ಒಂದು ಬಗೆಯ ಬಿಳಿ ದ್ರಾಕ್ಷಿಯಿಂದ 'ವ್ಯಾಂ ಜೋನ್', ಅಂದರೆ ಹಳದಿ ವೈನು, ಮಾಡುತ್ತಾರೆ. ಪೀಪಾಯಿಗೆ ತುಂಬಿ ಆರು ವರ್ಷಕ್ಕೂ ಹೆಚ್ಚು ಕಾಲ ಅದರ ಪಾಡಿಗೆ ಬಿಡುತ್ತಾರೆ. ಆರಿ ಆರಿ ಕಡಿಮೆಯಾದರೂ ಮೇಲೆ ತುಂಬುವುದಿಲ್ಲ. ಖಾಲಿ ಜಾಗದಲ್ಲಿ ವೈನಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಅದನ್ನೂ ತೆಗೆಯುವುದಿಲ್ಲ. ಕೊನೆಗೆ ಉಳಿದದ್ದನ್ನು ಕುಳ್ಳಗಿನ ದಪ್ಪ ಬಾಟಲಿಗೆ ತುಂಬುತ್ತಾರೆ. ಆ ಬಾಟಲಿಯೂ ಉಳಿದ ವೈನ್ ಬಾಟಲಿಗಳಿಗಿಂತ ಚಿಕ್ಕದು.

"ನಮ್ಮ ಮನ್ಯಾಗ ಉಪ್ಪಿನಕಾಯಿ ಮ್ಯಾಲೆ ಹಿಂಗ ಪೊರಿ ಕಟ್ಟಿದ್ರ ಭರಣಿ ಸಮೇತ ಹಿತ್ತಲಕ್ಕ ಹೋಗ್ತದ," ಎಂದೆ. "ಇವರು ಅದಕ್ಕ ಬಿರಡಿ ಹಾಕಿ ಮಾರ್ತಾರ."

"ಇರಬಹುದು," ಎಂದ ಶ್ರೀವತ್ಸ.

ಈ ವೈನಿಗೆ ಆ ಊರಿನವರು ಜೊತೆ ಮಾಡುವುದು ತಮ್ಮದೇ ಗುಡ್ಡದ ಗಟ್ಟಿ ಚೀಸು, ಅಕ್ರೋಟು, ಅಣಬೆ ಹಾಕಿ ಕೆನೆಯಲ್ಲಿ ಬೇಯಿಸಿದ ಕೋಳಿ. ಕೋಳಿಯ ಭಾಗವನ್ನು ಶ್ರೀವತ್ಸ ಪುಸ್ತಕದಲ್ಲಿ ಓದಿ ಪಾಸಾಗಿದ್ದ. ಆದರೆ ಪರೀಕ್ಷೆಗೆ ಅವನು ಯೋಚಿಸಿದ್ದು ಬೇರೆ: ಮೆಂತ್ಯದ ದೋಸೆ. ಮೇಲೆ ಬೆಣ್ಣೆ, ಪಕ್ಕದಲ್ಲಿ ಅಕ್ರೋಟಿನ ಚಟ್ನಿಪುಡಿ. ಹಳದಿ ವೈನಿನ ವಾಸನೆಗೆ ಕಾರಣವಾದ ಅಂಶವೇ ಮೆಂತ್ಯದ ಕಾಳಿನಲ್ಲೂ ಇದೆಯಂತೆ. ಕೆನಡಾದವರು ಎಲ್ಲದರ ಮೇಲೂ ಸುರಿದುಕೊಳ್ಳುವ ಮೇಪಲ್ ಪಾಕದಲ್ಲೂ ಅದೇ ಇದೆಯಂತೆ. "ಜುರಾ, ಮೈಸೂರು, ಕೆನಡಾ, ಮೂರೂ ಒಂದೇ ತಟ್ಟೆಗೆ ಬರುತ್ತೆ," ಎಂದು ಅವನು ಹೇಳಿದಾಗ ಮುಖದಲ್ಲಿ ಒಂದು ಬೆಳಕಿತ್ತು. ಬೆಳಕನ್ನು ಕಂಡಲ್ಲಿ ಆಧಾರ ಕೇಳುವುದು ನನ್ನ ಅಭ್ಯಾಸ.

ನಾನು ವಿಷಯ ಮಂಡಿಸಿದೆ. ಈ ಸದನದ ಅಭಿಪ್ರಾಯದಲ್ಲಿ, ವೈನಿಗೂ ತಿಂಡಿಗೂ ಜೋಡಿ ನೋಡುವುದು ಗಂಡು ಹೆಣ್ಣಿಗೆ ಜಾತಕ ನೋಡುವಷ್ಟೇ ವೈಜ್ಞಾನಿಕವಾದದ್ದು. ನಮ್ಮಿಬ್ಬರ ಜಾತಕ ಕೂಡಿರಲಿಲ್ಲ ಎಂಬುದನ್ನೇ ಉದಾಹರಣೆಯಾಗಿ ಕೊಟ್ಟೆ. ಆ ಉದಾಹರಣೆ ಯಾರ ಪರವಾಗಿದೆ ಎಂದು ಅವನು ಯೋಚಿಸುತ್ತಿರುವಂತೆ ಕಂಡಿತು.

ಕೊನೆಗೆ ಒಪ್ಪಂದವಾಯಿತು. ಶನಿವಾರ ಮಧ್ಯಾಹ್ನ ನಾನು ಒಂದು ಪ್ರಯೋಗ ನಡೆಸುವುದು. ವೈನು ಯಾವುದೆಂದು ತಿಳಿಸದೆ ದೋಸೆಯ ಜೊತೆ ಕುಡಿಸುವುದು. ಹಳದಿ ವೈನೇ ದೋಸೆಗೆ ಒಪ್ಪುತ್ತದೆ ಎಂದು ಕುಡಿದವರು ಗುರುತಿಸಿದರೆ ಅವನು ಗೆದ್ದ. ಗುರುತಿಸದಿದ್ದರೆ ದೋಸೆಯನ್ನು ಬಿಟ್ಟು ಪುಸ್ತಕದಲ್ಲಿರುವ ಚೀಸನ್ನೇ ಪರೀಕ್ಷೆಗೆ ಒಯ್ಯಬೇಕು. ತಿಂಗಳುಗಟ್ಟಲೆ ಕಾದು ತರಿಸಿದ ಒಂದೇ ಬಾಟಲಿ. ಅದರಲ್ಲಿ ಅರ್ಧ ನನ್ನ ಪ್ರಯೋಗಕ್ಕೆ, ಅರ್ಧ ಪರೀಕ್ಷೆಗೆ. ಬಿರಡೆ ತೆಗೆದಿಟ್ಟರೂ ಅದು ಮರುದಿನಕ್ಕೆ ಕೆಡುವುದಿಲ್ಲ ಎಂದ. ಇನ್ನು ಕೆಡಲು ಅದರಲ್ಲಿ ಏನು ಉಳಿದಿದೆ ಎಂದೆ.

ಪ್ರಯೋಗಕ್ಕೆ ತೀರ್ಪುಗಾರರು ಬೇಕಲ್ಲ. ಪಕ್ಕದ ಮನೆಯ ಗಿರಿಜಕ್ಕನನ್ನೂ ಅವರ ಯಜಮಾನರಾದ ಬಸಣ್ಣನನ್ನೂ ಕರೆದೆ. ಇಬ್ಬರೂ ಬೈಲಹೊಂಗಲದ ಕಡೆಯವರು. ಬಸಣ್ಣ ಗೋದಾಮಿನಲ್ಲಿ ಶಿಫ್ಟು ಮಾಡುತ್ತಾರೆ, ಎಲ್ಲದಕ್ಕೂ ಹೂಂ ಎನ್ನುತ್ತಾರೆ. ಗಿರಿಜಕ್ಕ ಜೀವನದಲ್ಲಿ ವೈನ್ ಮುಟ್ಟಿದವರಲ್ಲ. ಇದು ಕುಡಿತವಲ್ಲ, ವಿಜ್ಞಾನ ಎಂದು ನಾನು ಹತ್ತು ನಿಮಿಷ ಸಾಧಿಸಿದ ಮೇಲೆ ಕೆಮ್ಮಿನ ಔಷಧಿಯ ಮುಚ್ಚಳದಷ್ಟು ಕುಡಿಯಲು ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು.

"ಆ ಕಾಲಿನ ಗ್ಲಾಸು ಕೈಯಾಗ ಹಿಡಿಯಾಂಗಿಲ್ಲ ನೋಡವಾ ತಂಗಿ. ಯಾರರ ಫೋಟೋ ಹೊಡದ್ರ ಸಂಜಿ ಅನ್ನೂದ್ರಾಗ ಬೈಲಹೊಂಗಲಕ್ಕ ಮುಟ್ಟತೈತಿ. ನಮ್ಮ ಮನೀವು ಸ್ಟೀಲಿನ ಲೋಟ ತರ್ತೀನಿ."

ಇದು ನನಗೆ ವರವಾಗಿ ಕಂಡಿತು. ಸ್ಟೀಲಿನ ಲೋಟದಲ್ಲಿ ವೈನಿನ ಬಣ್ಣ ತಿಳಿಯುವುದಿಲ್ಲ. ಬಣ್ಣ ತಿಳಿಯದಿದ್ದರೆ ಪಕ್ಷಪಾತವಿಲ್ಲ. ಷರತ್ತನ್ನು ಆ ಕ್ಷಣವೇ ಅಂಗೀಕರಿಸಿದೆ.

ಶನಿವಾರ ಮೂರು ಲೋಟಗಳಿಗೆ ನಂಬರಿನ ಚೀಟಿ ಅಂಟಿಸಿದೆ. ಒಂದರಲ್ಲಿ ಹಳದಿ ವೈನು. ಉಳಿದ ಎರಡರಲ್ಲಿ ಯಾರದೋ ಪಾರ್ಟಿಯಲ್ಲಿ ಉಳಿದು ನಮ್ಮ ಫ್ರಿಜ್ಜಿನ ಬಾಗಿಲಿಗೆ ಬಂದು ಸೇರಿದ್ದ ಸಾದಾ ಬಿಳಿ ವೈನು. ಹಳದಿಯದನ್ನು ಫ್ರಿಜ್ಜಿನಲ್ಲಿಡಬಾರದು ಎಂದು ಶ್ರೀವತ್ಸ ಹೇಳಿದ. ಒಂದು ತಣ್ಣಗೆ, ಒಂದು ಬೆಚ್ಚಗೆ ಇದ್ದರೆ ಅದು ಪ್ರಯೋಗವೇ ಅಲ್ಲ ಎಂದು ಅವನ ಬಾಯಿ ಮುಚ್ಚಿಸಿ, ಮೂರನ್ನೂ ಹಲ್ಲು ಜುಮ್ಮೆನ್ನುವವರೆಗೆ ಫ್ರೀಜರಿನಲ್ಲಿಟ್ಟೆ.

ನಾಲ್ಕು ಜನ, ಮೂರು ಲೋಟ. ಆದ್ದರಿಂದ ಪ್ರತಿ ಲೋಟವೂ ಕೈಯಿಂದ ಕೈಗೆ ಹೋಗಬೇಕು. ಗಿರಿಜಕ್ಕ ಮೊದಲ ಲೋಟವನ್ನು ಎತ್ತಿ, ಕತ್ತು ಹಿಂದಕ್ಕೆ ಹಾಕಿ, ಮೇಲಿನಿಂದ ನೇರವಾಗಿ ಗಂಟಲಿಗೆ ಬಿಟ್ಟುಕೊಂಡರು. ಬಸಣ್ಣನೂ ಹಾಗೇ. ನಾನೂ ಹಾಗೇ. ಶ್ರೀವತ್ಸ ಲೋಟ ಕೈಗೆ ಬಂದಾಗ ಒಂದು ಗಳಿಗೆ ಅದನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಅವನೂ ಎತ್ತಿ ಕುಡಿದ. ಯಾರ ತುಟಿಯೂ ಲೋಟಕ್ಕೆ ತಾಗಲಿಲ್ಲ. ಎಂಜಲಿನ ದೃಷ್ಟಿಯಿಂದಲೂ ಪ್ರಯೋಗ ನಿರ್ದೋಷವಾಗಿತ್ತು. ಅದನ್ನು ನಾನು ನಡಾವಳಿ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ.

ಫಲಿತಾಂಶ ಸ್ಪಷ್ಟವಿತ್ತು. ಮೂರೂ ಥಣ್ಣಗದಾವ ಎಂಬುದು ಬಸಣ್ಣನ ತೀರ್ಪು. ಅವರಿಗೆ ಮೂರು ದಿನದಿಂದ ನೆಗಡಿ. ಎರಡನೆಯದು ಹುಳಿ ಮಜ್ಜಿಗೆಯಂತಿದೆ, ದೋಸೆ ಮಾತ್ರ ಚೆನ್ನಾಗಿದೆ ಎಂದು ಗಿರಿಜಕ್ಕ ಹೇಳಿ ಇನ್ನೊಂದು ದೋಸೆ ಹಾಕಿಸಿಕೊಂಡರು. ನನಗೆ ವ್ಯತ್ಯಾಸವೇ ತಿಳಿಯಲಿಲ್ಲ. ಕೊನೆಗೆ ಶ್ರೀವತ್ಸನ ಸರದಿ. ಒಂದೂವರೆ ವರ್ಷ ಕಲಿತವನು.

"ಗೊತ್ತಾಗ್ಲಿಲ್ಲ," ಎಂದ.

ಇಷ್ಟು ಸಂಪೂರ್ಣವಾದ ಜಯ ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ. ತೀರ್ಪನ್ನು ಎದ್ದು ನಿಂತು ಓದಿದೆ. ಶ್ರೀವತ್ಸ ತಟ್ಟೆಗಳನ್ನು ಸಿಂಕಿಗೆ ಒಯ್ಯುತ್ತ, "ಸರಿ, ಚೀಸ್ ತಗೊಂಡು ಹೋಗ್ತೀನಿ," ಎಂದ. ಮನೆಯಲ್ಲಿದ್ದರೆ ಮನಸ್ಸು ಬದಲಾಯಿಸಿಯಾನು ಎಂದು ಮಿಕ್ಕ ದೋಸೆ ಹಿಟ್ಟನ್ನು ಪಾತ್ರೆ ಸಮೇತ ಗಿರಿಜಕ್ಕನ ಕೈಗೆ ಕೊಟ್ಟು ಕಳಿಸಿದೆ. ಗೆದ್ದವರು ಮುಂದಿನದನ್ನೂ ಯೋಚಿಸಬೇಕು.

ಭಾನುವಾರ ಹನ್ನೊಂದಕ್ಕೆ ಅವನು ಅರ್ಧ ಬಾಟಲಿ ಹಿಡಿದು ನಮ್ಮ ಕಾರಿನಲ್ಲಿ ಹೊರಟ. ಪರೀಕ್ಷೆ ಎರಡು ಗಂಟೆಗೆ. ಹೋಗುವಾಗ ನಾನು ಶುಭವಾಗಲಿ ಎಂದೆ. ಅವನ ಒಂದೂವರೆ ವರ್ಷದ ಕೆಲಸಕ್ಕೆ ನಾನು ಕೊಟ್ಟ ಕೊಡುಗೆ ಒಟ್ಟು ಇಷ್ಟೇ ಎಂದು ಆಗ ಅನ್ನಿಸಲಿಲ್ಲ.

ಹನ್ನೆರಡಕ್ಕೆ ಗಿರಿಜಕ್ಕನ ಲೋಟಗಳನ್ನು ತೊಳೆದು ಹಿಂದಿರುಗಿಸೋಣ ಎಂದು ಕೈಗೆತ್ತಿಕೊಂಡೆ. ಲೋಟಗಳು ಹಿಂದಿನ ದಿನದಿಂದ ಹೀಟರಿನ ಬಿಸಿಗಾಳಿ ಬರುವ ಕಿಂಡಿಯ ಹತ್ತಿರ ಕಟ್ಟೆಯ ಮೇಲಿದ್ದವು. ಮೂರನೆಯದರ ತಳದಲ್ಲಿ ಒಂದು ಚಮಚೆಯಷ್ಟು ಉಳಿದಿತ್ತು. ಚೆಲ್ಲುವ ಮೊದಲು ಸುಮ್ಮನೆ ಲೋಟಕ್ಕೆ ಮೂಗು ಹಾಕಿದೆ.

ಮೆಂತ್ಯ. ಬಿಸಿ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಹುರಿದ ಮೆಂತ್ಯ. ಅದರ ಹಿಂದೆ ಅಕ್ರೋಟು, ಹಸಿ ಹುಣಸೆಮರದ ಹಲಗೆಯಂಥದ್ದೇನೋ, ಹಳೆಯ ಬೆಲ್ಲದ ಡಬ್ಬಿ. ಧಾರವಾಡದಲ್ಲಿ ನಮ್ಮ ಅವ್ವ ಸಾರಿನ ಪುಡಿ ಮಾಡುವ ದಿನ ಓಣಿಯ ತುದಿಗೇ ಬರುತ್ತಿದ್ದ ವಾಸನೆ, ಈಗ ಒಂದು ಚಮಚೆ ವೈನಿನೊಳಗಿಂದ ಎದ್ದು ನನ್ನ ಎದುರು ನಿಂತಿತು. ಉಳಿದ ಎರಡು ಲೋಟಗಳಿಗೂ ಮೂಗು ಹಾಕಿದೆ. ಅವುಗಳಲ್ಲಿ ಫ್ರಿಜ್ಜಿನ ಬಾಗಿಲಿನ ವಾಸನೆ ಮಾತ್ರ ಇತ್ತು.

ನಡಾವಳಿ ಪುಸ್ತಕ ತೆರೆದೆ. ನನ್ನದೇ ಅಕ್ಷರ, ದುಂಡಗೆ: 'ಎಲ್ಲರೂ ಎತ್ತಿ ಕುಡಿದರು.' ವೈನೆಂದರೆ ಮುಕ್ಕಾಲು ಪಾಲು ವಾಸನೆ ಎಂದು ಶ್ರೀವತ್ಸ ನೂರು ಸಲ ಹೇಳಿದ್ದ. ನಾನು ಆ ವಾಸನೆಯನ್ನು ಮೊದಲು ಫ್ರೀಜರಿನಲ್ಲಿಟ್ಟು ಸಾಯಿಸಿ, ಸತ್ತದ್ದನ್ನು ಮೂಗಿಗಿಂತ ಒಂದು ಗೇಣು ಎತ್ತರದಿಂದ ನಾಲ್ವರ ಗಂಟಲಿಗೆ ಸುರಿಸಿ, ಅದರಲ್ಲಿ ಒಬ್ಬರಿಗೆ ನೆಗಡಿಯೂ ಇದ್ದಾಗ, ವಾಸನೆ ಇಲ್ಲವೆಂದು ತೀರ್ಪು ಓದಿದ್ದೆ. ಎದ್ದು ನಿಂತು.

ಕಪ್ಪುಗಳನ್ನು ಗೆದ್ದುಕೊಂಡು ಬಂದಾಗ ಯಾರಿಗೂ ನಷ್ಟವಾಗುತ್ತಿರಲಿಲ್ಲ. ಈ ಸಲ ಗೆದ್ದದ್ದರಿಂದ ಒಬ್ಬ ಮನುಷ್ಯ ಕ್ಲೈನ್‌ಬರ್ಗ್‌ನಲ್ಲಿ ತನಗೆ ಗೊತ್ತಿರುವ ಸತ್ಯವನ್ನು ಮನೆಯಲ್ಲಿ ಬಿಟ್ಟು ಅಂಗಡಿಯ ಚೀಸು ಹಿಡಿದು ನಿಂತಿರುತ್ತಾನೆ.

ಫೋನ್ ಮಾಡಿದೆ. ಆಫ್ ಆಗಿತ್ತು. ಇನ್ನು ಉಳಿದದ್ದು ಒಂದೇ ದಾರಿ: ಎರಡು ಗಂಟೆಯೊಳಗೆ ಮೆಂತ್ಯದ ದೋಸೆಯನ್ನು ಕ್ಲೈನ್‌ಬರ್ಗ್‌ಗೆ ಮುಟ್ಟಿಸುವುದು. ಹಿಟ್ಟಿಗಾಗಿ ಗಿರಿಜಕ್ಕನ ಮನೆಯ ಗಂಟೆ ಒತ್ತಿದರೆ ಯಾರೂ ಬಾಗಿಲು ತೆರೆಯಲಿಲ್ಲ. ಮೆಂತ್ಯದ ದೋಸೆಗೆ ಹಿಂದಿನ ದಿನವೇ ನೆನೆಸಬೇಕು, ರುಬ್ಬಬೇಕು, ಹುದುಗಬೇಕು. ನನ್ನ ಹತ್ತಿರ ಇಪ್ಪತ್ತು ನಿಮಿಷವಿತ್ತು. ರವೆಗೆ ಮೊಸರು ಕಲಸಿದೆ. ಮೆಂತ್ಯದ ಕಾಳನ್ನು ಹಸಿಯಾಗಿಯೇ ಮಿಕ್ಸಿಗೆ ಹಾಕಿ ಪುಡಿ ಮಾಡಿದೆ. ಎಷ್ಟು ಹಾಕಬೇಕು ಎಂಬ ಪ್ರಶ್ನೆ ಬಂತು. ವಾಸನೆ ಬರಲೇಬೇಕಲ್ಲ, ಒಂದು ಮುಷ್ಟಿ ಹಾಕಿದೆ. ಆಮೇಲೆ ಧೈರ್ಯ ಸಾಲದೆ ಇನ್ನರ್ಧ ಮುಷ್ಟಿ. ಹಿಟ್ಟಿನ ಪಾತ್ರೆಯನ್ನೂ ನಮ್ಮ ಕಬ್ಬಿಣದ ಕಾವಲಿಯನ್ನೂ ಹಿಡಿದು ಹೊರಗೆ ಬಂದಾಗ ಬಸಣ್ಣ ತಮ್ಮ ಗ್ಯಾರೇಜಿನ ಬಾಗಿಲೆತ್ತುತ್ತಿದ್ದರು. ಕೈಯಲ್ಲಿ ಆಗಲೇ ಕೀ ಇತ್ತು. ನಾನು ನಾಸ್ತಿಕಳು, ಅದನ್ನು ದೈವಸಂಕಲ್ಪ ಎಂದುಕೊಳ್ಳಲಿಲ್ಲ. ಕಾಕತಾಳೀಯ ಎಂದುಕೊಂಡೆ. ಅದೂ ಆಗಿರಲಿಲ್ಲ.

ಕ್ಲೈನ್‌ಬರ್ಗ್ ಎಂದೆ. ಅವರು ಹೂಂ ಎಂದರು.

"ಅಲ್ರೀ ತಂಗಿ, ನಮ್ಮಾಕಿ ಮುಂಜಾನೇನ..."

"ಬಸಣ್ಣ, ಈಗ ಮಾತು ಬ್ಯಾಡ್ರಿ. ಮೊದಲು ಗಾಡಿ ತೆಗೀರಿ."

೪೦೧ನೇ ಹೆದ್ದಾರಿಯಲ್ಲಿ ರಸ್ತೆ ಕೆಲಸ. ಕಾರುಗಳು ಮದುವೆ ಮನೆಯ ಪಂಕ್ತಿಯಂತೆ ಕೂತಿದ್ದವು. ಬಸಣ್ಣ ಮತ್ತೊಮ್ಮೆ ಗಂಟಲು ಸರಿಮಾಡಿಕೊಂಡು ಆ ಹಿಟ್ಟಿನ ವಿಷಯ ಅಂತ ಶುರು ಮಾಡಿದರು. ಹಿಟ್ಟು ನನ್ನ ತೊಡೆಯ ಮೇಲೇ ಇದೆ, ಚಿಂತೆ ಬೇಡ ಎಂದೆ. ಮೂರನೆಯ ಸಲ ಬಾಯಿ ತೆರೆದಾಗ ಕೈ ಎತ್ತಿ ತಡೆದು, ಪರೀಕ್ಷಕಿಯ ಮುಂದೆ ಮಾಡಬೇಕಾದ ಭಾಷಣವನ್ನು ಅಭ್ಯಾಸ ಮಾಡತೊಡಗಿದೆ. ಆಗಾಗ ಅವರ ಭುಜ ಕುಲುಕುತ್ತಿತ್ತು. ನೆಗಡಿ ಇನ್ನೂ ಕಡಿಮೆಯಾಗಿಲ್ಲ ಎಂದುಕೊಂಡೆ.

ಕ್ಲೈನ್‌ಬರ್ಗ್ ಮುಟ್ಟಿದಾಗ ಎರಡು ಗಂಟೆ ಹತ್ತು ನಿಮಿಷ. ಭಾನುವಾರವಾದ್ದರಿಂದ ಊರಿನ ಕಲಾ ಗ್ಯಾಲರಿ ನೋಡಿ ಬಂದವರು ಒಳ್ಳೊಳ್ಳೆಯ ಕೋಟು ಹಾಕಿಕೊಂಡು ಕಾಫಿ ಕುಡಿಯುತ್ತ ಬೀದಿಯಲ್ಲಿ ನಿಂತಿದ್ದರು. ಅವರ ನಡುವೆ ನಾನು ಒಂದು ಕೈಯಲ್ಲಿ ಕಾವಲಿ, ಇನ್ನೊಂದರಲ್ಲಿ ಹಿಟ್ಟು ಹಿಡಿದು ಓಡಿದೆ. ಒಬ್ಬರು ದಾರಿ ಬಿಟ್ಟರು. ಉಳಿದವರು ಫೋನು ತೆಗೆದರು. ಗಿರಿಜಕ್ಕ ಹೆದರಿದ್ದ ಫೋಟೋ ಕೊನೆಗೂ ತೆಗೆಯಲ್ಪಟ್ಟಿತು, ನನ್ನದು.

ಮಹಡಿಯಲ್ಲಿ ಉದ್ದನೆಯ ಮೇಜು. ಒಂದು ಕಡೆ ಬೆಳ್ಳಿ ಕೂದಲಿನ ಪರೀಕ್ಷಕಿ, ಪಕ್ಕದಲ್ಲಿ ರೆಸ್ಟೋರೆಂಟಿನ ಮಾಲೀಕ, ಎದುರಿಗೆ ಕಪ್ಪು ಕೋಟಿನ ಶ್ರೀವತ್ಸ. ಮೇಜಿನ ಮೇಲೆ ಏನಿದೆ ಎಂದು ನೋಡಲು ನನಗೆ ಸಮಯವಿರಲಿಲ್ಲ. ಕಾವಲಿಯನ್ನು ಎದೆಗೆ ಅವುಚಿಕೊಂಡು ಇಂಗ್ಲಿಷಿನಲ್ಲಿ ಆರಂಭಿಸಿದೆ. ಮಾನ್ಯ ಪರೀಕ್ಷಕರೇ, ಈ ಅಭ್ಯರ್ಥಿ ಇಂದು ಚೀಸು ತಂದಿದ್ದರೆ ಆ ತಪ್ಪು ಅವನದಲ್ಲ. ಮೊದಲನೆಯದಾಗಿ, ಅವನನ್ನು ತಪ್ಪು ದಾರಿಗೆಳೆದ ಪ್ರಯೋಗದಲ್ಲಿ ವೈನಿನ ತಾಪಮಾನ ಸರಿಯಿರಲಿಲ್ಲ. ಎರಡನೆಯದಾಗಿ, ಕುಡಿದವರು ಲೋಟಕ್ಕೆ ಮೂಗು ತಾಗಿಸಲಿಲ್ಲ, ಯಾಕೆಂದರೆ ನಮ್ಮಲ್ಲಿ ಒಬ್ಬರು ಬಾಯಿಟ್ಟದ್ದಕ್ಕೆ ಇನ್ನೊಬ್ಬರು ಬಾಯಿಡುವುದಿಲ್ಲ. ಮೂರನೆಯದಾಗಿ...

ಮೂರನೆಯ ಅಂಶಕ್ಕೆ ಬರುವಾಗ ಮೂಗಿಗೆ ವಾಸನೆ ಬಂತು. ಬೆಣ್ಣೆ ಕರಗಿದ ಮೆಂತ್ಯದ ದೋಸೆ. ಪರೀಕ್ಷಕಿಯ ಫೋರ್ಕಿನ ತುದಿಯಲ್ಲಿ, ಬಾಯಿಗೂ ತಟ್ಟೆಗೂ ನಡುವೆ, ಒಂದು ತುಂಡು ನಿಂತಿತ್ತು.

ಅಡುಗೆಮನೆಯ ಬಾಗಿಲು ತೆರೆಯಿತು. ಸೀರೆಯ ಮೇಲೆ ಬಿಳಿ ಏಪ್ರನ್ ಕಟ್ಟಿಕೊಂಡ ಗಿರಿಜಕ್ಕ ಬಿಸಿ ದೋಸೆಯ ತಟ್ಟೆ ಹಿಡಿದು ಬಂದರು.

"ಬಂದ್ಯಾ ತಂಗಿ," ಎಂದರು. "ಕಾವಲಿ ತಂದದ್ದು ಚಲೋ ಆತು. ಇವರ ಪ್ಯಾನಿಗೆ ಅಂಟಾಕತ್ತೈತಿ."

ನನ್ನ ಕೈಯಿಂದ ಕಾವಲಿ ತೆಗೆದುಕೊಂಡು ಒಳಗೆ ಹೋದರು. ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಬಸಣ್ಣ, ಹೆಂಗೂ ನಮ್ಮಾಕಿನ ಕರಕೊಂಡು ಹೋಗಾಕ ನಾ ಬರೂದಽ ಇತ್ತು ಎಂದು ನೆಲ ನೋಡುತ್ತ ಹೇಳಿದರು.

ಪರೀಕ್ಷಕಿ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಮುಗಿಸಿ, ನಾನು ಯಾರ ಪರವಾಗಿ ಮಾತಾಡುತ್ತಿದ್ದೇನೆ ಎಂದು ಕೇಳಿದರು. ನಾನು ಹಿಟ್ಟಿನ ಪಾತ್ರೆಯನ್ನು ಬೆನ್ನ ಹಿಂದೆ ಸರಿಸಿದೆ. "ನನ್ನ ಹೆಂಡತಿ," ಎಂದ ಶ್ರೀವತ್ಸ. ಪರೀಕ್ಷಕಿ ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು. ಆಮೇಲೆ ನನ್ನ ಕೈಯಲ್ಲಿದ್ದ ಪಾತ್ರೆಯಲ್ಲಿ ಏನಿದೆ ಎಂದು ವಿಚಾರಿಸಿದರು. ಹೇಳಬೇಕಾಯಿತು. ಹೋಲಿಸಿ ನೋಡಲು ಒಂದಿದ್ದರೆ ಒಳ್ಳೆಯದು, ಅದನ್ನೂ ಒಂದು ಹಾಕಿಸಿ ಎಂದರು.

ಗಿರಿಜಕ್ಕ ಹಾಕಿಕೊಟ್ಟರು. ಪರೀಕ್ಷಕಿ ಒಂದು ತುಂಡು ಬಾಯಿಗಿಟ್ಟು ವೈನು ಗುಟುಕರಿಸಿದರು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು. ನೀರು ಕೇಳಿದರು. ನೀರು ಕುಡಿದ ಮೇಲೆ, ಈ ವೈನು ಮೆಂತ್ಯ ಹಾಕಿದ್ದಕ್ಕೆಲ್ಲ ಹೊಂದಿಕೊಂಡುಬಿಡುತ್ತದೇನೋ ಎಂಬ ಅನುಮಾನ ತಮಗೆ ಇತ್ತು, ಈಗ ಹೋಯಿತು, ಸರಿಯಾದ ದೋಸೆಗೆ ಮಾತ್ರ ಹೊಂದುತ್ತದೆ ಎಂದು ಖಚಿತವಾಯಿತು ಎಂದರು. ಕಾಗದದ ಮೇಲೆ ಏನೋ ಬರೆದು ಶ್ರೀವತ್ಸನ ಕೈ ಕುಲುಕಿದರು. ಮಾಲೀಕನೂ ಕುಲುಕಿದ.

ಉಳಿದ ವೈನನ್ನು ಕಾಲಿನ ಗ್ಲಾಸಿನಲ್ಲಿ ಶ್ರೀವತ್ಸ ನನಗೂ ಕೊಟ್ಟ. ಮೂಗಿನಿಂದ ಆರಂಭಿಸಿದೆ. ಆಮೇಲೆ ಗಿರಿಜಕ್ಕನ ದೋಸೆ ಒಂದು ತುಂಡು, ಆಮೇಲೆ ಒಂದು ಗುಟುಕು. ಮೆಂತ್ಯದ ಕಹಿ ವೈನಿಗೆ ಸೇರಿ ಮಾಯವಾಯಿತು, ವೈನಿನ ಒಗರು ಬೆಣ್ಣೆಗೆ ಸೇರಿ ಮಾಯವಾಯಿತು, ಎರಡೂ ಹೋದ ಮೇಲೆ ಬಾಯಲ್ಲಿ ಹುರಿದ ಅಕ್ರೋಟಿನ ಪರಿಮಳ ಬಹಳ ಹೊತ್ತು ಉಳಿಯಿತು. ಇದನ್ನು ಖಂಡಿಸುವ ಅಂಶಗಳು ನನ್ನಲ್ಲಿರಲಿಲ್ಲ.

ವಾಪಸು ಬರುವಾಗ ನಮ್ಮ ಕಾರಿನಲ್ಲಿ ನಾವಿಬ್ಬರೇ.

"ಪ್ರಯೋಗ ತಪ್ಪು ಅಂತ ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದೆ.

"ಗಿರಿಜಕ್ಕ ಮೊದಲನೇ ಲೋಟ ಎತ್ತಿದಾಗ."

"ಮತ್ತ ಆಗಽ ಯಾಕ ಹೇಳಲಿಲ್ಲ?"

"ಹೇಳಿದ್ರೆ ನೀನು ವಾದ ಮಾಡ್ತಿದ್ದೆ. ನನಗೆ ಪರೀಕ್ಷೆಗೆ ಓದೋದಿತ್ತು." ಅವನು ಲೇನ್ ಬದಲಿಸಿದ. "ಹಿಟ್ಟು ನೀನೇ ಗಿರಿಜಕ್ಕಂಗೆ ಕೊಟ್ಟು ಒಳ್ಳೇದು ಮಾಡಿದೆ. ಅವರ ಕೈ ದೋಸೆ ನನ್ನದಕ್ಕಿಂತ ಚೆನ್ನಾಗಿ ಬರುತ್ತೆ. ಅದಕ್ಕೇ ಬೆಳಿಗ್ಗೆ ಅವರನ್ನೂ ಕರ್ಕೊಂಡು ಹೋದೆ."

ಇದಕ್ಕೆ ಏಳು ಉತ್ತರಗಳು ತಯಾರಿದ್ದವು. ಇರಬಹುದು ಎಂದೆ.

ಈಗ ಶ್ರೀವತ್ಸ ವಾರಾಂತ್ಯಗಳಲ್ಲಿ ಕ್ಲೈನ್‌ಬರ್ಗ್‌ನಲ್ಲಿರುತ್ತಾನೆ. ಅಲ್ಲಿನ ಮೆನುವಿನಲ್ಲಿ ಹಳದಿ ವೈನಿನ ಎದುರಿಗೆ 'ಗಿರಿಜಾ ಅವರ ಮೆಂತ್ಯದ ದೋಸೆ' ಎಂದು ಅಚ್ಚಾಗಿದೆ. ಹೋಲಿಕೆಗೆ ನನ್ನ ದೋಸೆ ಇಲ್ಲದಿದ್ದರೆ ಆ ತೀರ್ಪೇ ಬರುತ್ತಿರಲಿಲ್ಲ, ಆದ್ದರಿಂದ ನ್ಯಾಯವಾಗಿ ನನ್ನ ಹೆಸರೂ ಅಲ್ಲಿರಬೇಕು ಎಂದು ನಾನು ಮೊನ್ನೆ ಗಿರಿಜಕ್ಕನಿಗೆ ಮೂರು ಅಂಶಗಳಲ್ಲಿ ವಿವರಿಸಿದೆ.

"ಹಾಕಸೋಣ ಬಿಡವಾ," ಎಂದರು ಗಿರಿಜಕ್ಕ. "ಅದಕ್ಕೇನಾಗೂದೈತಿ. ನಿನ್ನ ದ್ವಾಸಿ ಹೇಳಿದವರಿಗೆ ವೈನ್ ಎತ್ತಿ ಕುಡೀರಿ ಅಂತ ಕೆಳಗ ಬರಸಿದ್ರಾತು."

ಈ ಮಾತಿಗೆ ನನ್ನಲ್ಲಿ ಉತ್ತರವಿದೆ. ಸದ್ಯಕ್ಕೆ, ಮೆಂತ್ಯವನ್ನು ಎಷ್ಟು ಹೊತ್ತು ನೆನೆಸಬೇಕು ಎಂದು ಕೇಳಲು ಅವರ ಮನೆಗೇ ಹೊರಟಿದ್ದೇನೆ.